ಬೀಳದ ಬ್ಯಾಕ್ಟೀರಿಯಾ, ನಿಲ್ಲದ ಲೋಟ: 'ಟಂಬಲ್' ಜೊತೆ ನನ್ನ ಅನುಭವ

ಹದಿನೈದು ವರ್ಷಗಳಿಂದ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿಕೊಂಡು ಹೊಟ್ಟೆ ಹೊರೆಯುತ್ತಿದ್ದೇನೆ. ಕಥೆ, ಕಾದಂಬರಿಯ ಭಾಗ್ಯ ನನ್ನದಲ್ಲ. ಮಿಕ್ಸಿಯ ಕೈಪಿಡಿ, ಔಷಧಿ ಡಬ್ಬಿಯೊಳಗೆ ಮಡಚಿಟ್ಟ ಚೀಟಿ, ಪ್ರವಾಸಿಗರಿಗೆ ಹಂಚುವ ಕರಪತ್ರ, ಮಕ್ಕಳ ವಿಜ್ಞಾನದ ಪುಸ್ತಕ, ಹೀಗೆ ಅನುವಾದಕರ ಹೆಸರನ್ನು ಯಾರೂ ಹುಡುಕದ ಸಾಮಾನೇ ಎಲ್ಲ. ಈ ಕೆಲಸದಲ್ಲಿ ಮಾರುದ್ದದ ಪಾರಿಭಾಷಿಕ ಪದಗಳು ಅಷ್ಟೇನೂ ಕಾಡುವುದಿಲ್ಲ. ಅವಕ್ಕೆ ಕೋಶವಿದೆ, ಕೋಶದಲ್ಲೂ ಸಿಗದಿದ್ದರೆ ಕನ್ನಡ ಲಿಪಿಯಲ್ಲಿ ಹಾಗೇ ಬರೆದು ಕೈತೊಳೆದುಕೊಳ್ಳಬಹುದು. ರಾತ್ರಿ ನಿದ್ದೆಗೆಡಿಸುವುದು 'ಟಂಬಲ್'ನಂಥ ಪುಟಗೋಸಿ ಮಾತು, ಬೀಳುವುದು, ಉರುಳುವುದು, ಲಾಗ ಹಾಕುವುದು ಎಲ್ಲಕ್ಕೂ ಇಂಗ್ಲಿಷಿನವರು ಬಳಸುವ ಪದ.

ಅದು ಮೊದಲು ಎದುರಾದದ್ದು ಬಟ್ಟೆಯ ಲೇಬಲ್ಲಿನಲ್ಲಿ. ಮಕ್ಕಳ ಉಡುಪು ತಯಾರಿಸುವವರೊಬ್ಬರು ಕಳಿಸಿದ ಕಡತದಲ್ಲಿ 'ಡು ನಾಟ್ ಟಂಬಲ್ ಡ್ರೈ' ಅಂತಿತ್ತು. ಯಾರೋ ಹಿಂದೆ ಮಾಡಿದ್ದ ಕನ್ನಡವೂ ಪಕ್ಕದಲ್ಲೇ ಇತ್ತು: 'ಒಣಗಿ ಬೀಳಬೇಡಿ'. ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಅದನ್ನು ಹೊಡೆದುಹಾಕಿ, ಮಹಾ ಜಾಣೆಯಂತೆ 'ಉರುಳಿಸಿ ಒಣಗಿಸಬೇಡಿ' ಎಂದು ಬರೆದೆ. ಕಳಿಸುವ ಮುಂಚೆ ಅಮ್ಮನಿಗೆ ಓದಿ ಹೇಳಿದೆ. "ಬಟ್ಟೇನ ಯಾರಾದ್ರೂ ಉರುಳಿಸಿ ಒಣಗಿಸ್ತಾರೇನೇ? ಮಣ್ಣಾಗಲ್ವಾ?" ಅಂದಳು. ನನ್ನ ನಗು ಅಲ್ಲಿಗೆ ನಿಂತಿತು.

ಅಮ್ಮನ ಮಾತು ನೂರಕ್ಕೆ ನೂರು ಸರಿ. ಕನ್ನಡದಲ್ಲಿ ಉರುಳುವುದಕ್ಕೆ ನೆಲ ಬೇಕು. ಚಕ್ರ ಉರುಳುತ್ತದೆ, ಬಂಡೆ ಉರುಳುತ್ತದೆ, ಹರಕೆ ಹೊತ್ತವರು ದೇವಸ್ಥಾನದ ಸುತ್ತ ಉರುಳುಸೇವೆ ಮಾಡುತ್ತಾರೆ. 'ಟಂಬಲ್ ಡ್ರೈ' ಮಾಡುವ, ಅಂದರೆ ಬಟ್ಟೆ ಒಣಗಿಸುವ ಯಂತ್ರದೊಳಗೆ ಆಗುವುದು ಬೇರೆಯೇ. ಡ್ರಮ್ಮು ತಿರುಗುವಾಗ ಅದರ ಒಳಗೋಡೆಯ ಏಣುಗಳು ಬಟ್ಟೆಯನ್ನು ಮೇಲಕ್ಕೆ ಹೊತ್ತೊಯ್ಯುತ್ತವೆ, ತುದಿ ಮುಟ್ಟಿದಾಗ ಬಟ್ಟೆ ದೊಪ್ಪನೆ ಕೆಳಗೆ ಬೀಳುತ್ತದೆ, ಬೀಳುವಾಗ ಬಿಸಿಗಾಳಿ ಅದರ ನಡುವೆ ನುಗ್ಗುತ್ತದೆ. ಲೇಬಲ್ಲಿನಲ್ಲಿ ಚೌಕದೊಳಗೊಂದು ವೃತ್ತ ಕಂಡರೆ ಅದು ಇದೇ ಯಂತ್ರದ ಗುರುತು. ವೃತ್ತದೊಳಗೆ ಒಂದು ಚುಕ್ಕಿ ಇದ್ದರೆ ಕಡಿಮೆ ಬಿಸಿ, ಎರಡಿದ್ದರೆ ಮಾಮೂಲಿ ಬಿಸಿ, ಮೇಲೆ ಕಾಟು ಹಾಕಿದ್ದರೆ ಬೇಡವೇ ಬೇಡ.

ಸರಿ, ಉರುಳುವಿಕೆಯನ್ನೇ ಕೈಬಿಟ್ಟು 'ಡ್ರೈಯರ್‌ನಲ್ಲಿ ಒಣಗಿಸಬೇಡಿ' ಎಂದು ತಿದ್ದಿದೆ. ಅದೂ ಎಡವಟ್ಟೇ. ನಮ್ಮ ಮನೆಗಳಲ್ಲಿ ಡ್ರೈಯರ್ ಅಂದರೆ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷೀನಿನ ಎರಡನೆಯ ತೊಟ್ಟಿ. ಅದು ಬಟ್ಟೆಯನ್ನು ಗಿರಗಿರ ತಿರುಗಿಸಿ ನೀರು ಹಿಂಡುತ್ತದೆಯೇ ಹೊರತು ಬಿಸಿಗಾಳಿ ಊದುವುದಿಲ್ಲ. ನನ್ನ ಸಾಲು ಓದಿದ ತಾಯಂದಿರು ಮಗುವಿನ ಬಟ್ಟೆಯನ್ನು ತೊಟ್ಟಿಗೂ ಹಾಕದೆ ತೊಟ್ಟಿಕ್ಕುತ್ತಲೇ ತಂತಿಗೆ ಹಾಕುತ್ತಿದ್ದರು. ಕೊನೆಗೆ ಹೋದದ್ದು 'ಬಿಸಿಗಾಳಿಯ ಡ್ರೈಯರ್‌ನಲ್ಲಿ ಒಣಗಿಸಬೇಡಿ'. ನಾಲ್ಕು ಪದಕ್ಕೆ ಒಂದು ಮಧ್ಯಾಹ್ನ. ದುಡ್ಡು ಮಾತ್ರ ಪದದ ಲೆಕ್ಕದಲ್ಲಿ.

ಆ ಮಧ್ಯಾಹ್ನದ ಮೇಲೆ ಈ ಮಾತಿಗೆಂದೇ ಒಂದು ನೋಟ್‌ಬುಕ್ಕು ಇಟ್ಟೆ. ಎಲ್ಲೇ ಸಿಗಲಿ, ಯಾರು ಬೀಳುತ್ತಿದ್ದಾರೆ, ಬೇಕೆಂದೇ ಬೀಳುತ್ತಿದ್ದಾರೋ ಕಾಲು ತಪ್ಪಿಯೋ, ನೆಲ ಮುಟ್ಟುತ್ತಾರೋ ಇಲ್ಲವೋ, ಒಂದೇ ಸಲವೋ ಮತ್ತೆ ಮತ್ತೆಯೋ ಅಂತ ಬರೆದಿಟ್ಟುಕೊಳ್ಳುವುದು. ಕನ್ನಡ ಈ ಒಂದೊಂದಕ್ಕೂ ಬೇರೆ ಬೇರೆ ಮಾತು ಬೇಡುತ್ತದೆ. ಮಲಗಿದಲ್ಲೇ ಮಗ್ಗುಲು ಬದಲಿಸಿದರೆ ಹೊರಳುವುದು. ಸಣ್ಣ ಸಣ್ಣವು ಮೇಲಿಂದ ಬಿದ್ದರೆ ಉದುರುವುದು. ದೋಸೆಯನ್ನು ಮಗುಚುವುದು, ಗೋಡೆ ಕುಸಿಯುವುದು, ಕಾಲು ಎಡವಿ ಮುಗ್ಗರಿಸುವುದು. ಬಿದ್ದ ಮೇಲೂ ಬೋರಲೋ ಅಂಗಾತವೋ ಎಂದು ಕೇಳುವ ಭಾಷೆ ನಮ್ಮದು.

ಪದದ ಬೇರು ಹುಡುಕಿದಾಗ ಆಶ್ಚರ್ಯ ಕಾದಿತ್ತು. ಹಳೆಯ ಇಂಗ್ಲಿಷಿನ 'ಟುಂಬಿಯನ್' ಅಂದರೆ ಕುಣಿಯುವುದು, ಲಾಗ ಹಾಕುವುದು. ಸಾವಿರ ವರ್ಷದಷ್ಟು ಹಳೆಯ ಇಂಗ್ಲಿಷ್ ಬೈಬಲ್ಲಿನ ಸುವಾರ್ತೆಯಲ್ಲಿ, ರಾಜ ಹೆರೋದನ ಔತಣದಲ್ಲಿ ಹುಡುಗಿ (ಸಲೋಮಿ ಎಂದು ಹೆಸರಾದವಳು) ಕುಣಿದಳು ಎನ್ನುವುದಕ್ಕೆ ಬಳಸಿರುವುದು ಇದೇ ಕ್ರಿಯಾಪದ. ಫ್ರಾನ್ಸಿನ ರೂಆನ್ ಕೆಥೆಡ್ರಲ್ಲಿನ ಬಾಗಿಲ ಮೇಲಣ ಕೆತ್ತನೆಯಲ್ಲಿ ಆ ಸಲೋಮಿ ಕೈಮೇಲೆ ನಿಂತು, ಕಾಲು ಮೇಲೆ ಮಾಡಿಯೇ ಕುಣಿಯುತ್ತಾಳೆ. ಅಂದರೆ ಹುಟ್ಟಿನಲ್ಲಿ ಇದು ಕಸರತ್ತಿನ ಪದ. ಅಸಹಾಯಕರಾಗಿ ಬೀಳುವ ಅರ್ಥ ಬಂದದ್ದು ಆಮೇಲೆ. ನಾನು ಅಷ್ಟು ದಿನ 'ಬೀಳು' ಎಂದು ಶುರುಮಾಡಿ ಅಲ್ಲಿಂದ ಉಳಿದ ಅರ್ಥಗಳಿಗೆ ಹೋಗುತ್ತಿದ್ದೆ. ದಾರಿಯೇ ಉಲ್ಟಾ ಆಗಿತ್ತು.

ಇನ್ನೊಂದು ವಿಷಯ ಕಣ್ಣಿಗೆ ಬಿದ್ದದ್ದು ಪದದ ಬಾಲದಲ್ಲಿ. ಇಂಗ್ಲಿಷಿನಲ್ಲಿ 'ಸ್ಪಾರ್ಕ್' ಒಂದು ಕಿಡಿ, 'ಸ್ಪಾರ್ಕಲ್' ಅಂದರೆ ಮಿನುಗುತ್ತಲೇ ಇರುವುದು. 'ಕ್ರ್ಯಾಕ್' ಒಂದು ಸಲ, 'ಕ್ರ್ಯಾಕಲ್' ಚಟಪಟ ಚಟಪಟ. ಕೊನೆಯ ಆ 'ಲ್' ಮತ್ತೆ ಮತ್ತೆ ಆಗುವುದರ ಗುರುತು. ಟಂಬಲ್‌ನಲ್ಲಿರುವುದೂ ಅದೇ. ಇದಕ್ಕೆ ನಮ್ಮಲ್ಲಿ ಏನಿದೆ ಎಂದು ಯೋಚಿಸುತ್ತಾ ಅಡುಗೆಮನೆಯಿಂದ ಹಾಲಿಗೂ ಹಾಲಿನಿಂದ ಅಡುಗೆಮನೆಗೂ ಓಡಾಡುತ್ತಿದ್ದೆ. ಓಡಾಡು! ಓಡು-ಓಡಾಡು, ಹಾರು-ಹಾರಾಡು, ಉರುಳು-ಉರುಳಾಡು, ಹೊರಳು-ಹೊರಳಾಡು. ನಮ್ಮ 'ಆಡು' ಮಾಡುವ ಕೆಲಸ ಹೆಚ್ಚುಕಡಿಮೆ ಅವರ 'ಲ್' ಮಾಡುವ ಕೆಲಸವೇ. ಮೇಲಾಗಿ ಅದರಲ್ಲಿ ಆಟದ ನೆರಳೂ ಇದೆ. ಆವತ್ತು ಹಾಲು ಉಕ್ಕಿ ಒಲೆಯೆಲ್ಲ ಆಗಿತ್ತು, ಬೇಜಾರಾಗಲಿಲ್ಲ.

ಇದು ಕೈಹಿಡಿದದ್ದು ಬ್ಯಾಕ್ಟೀರಿಯಾದ ಪಾಠದಲ್ಲಿ. ನಮ್ಮ ಕರುಳಿನಲ್ಲಿರುವ ಇ. ಕೋಲೈ ಈಜುವ ರೀತಿಗೆ ಜೀವವಿಜ್ಞಾನಿಗಳು 'ರನ್ ಆಂಡ್ ಟಂಬಲ್' ಎನ್ನುತ್ತಾರೆ. ಹಾವರ್ಡ್ ಬರ್ಗ್ ಮತ್ತು ಡಗ್ಲಸ್ ಬ್ರೌನ್ 1972ರಲ್ಲಿ ಒಂದೊಂದೇ ಬ್ಯಾಕ್ಟೀರಿಯಾವನ್ನು ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸಿ ಇದನ್ನು ಅಳೆದು ತೋರಿಸಿದರು. ಅದರ ಮೈಮೇಲಿನ ಕಶಾಂಗಗಳ, ಅಂದರೆ ಚಾಟಿಯಂಥ ಸಪೂರ ಎಳೆಗಳ ಬುಡದಲ್ಲಿ ಪುಟ್ಟ ಮೋಟಾರುಗಳಿವೆ. ಅವು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿದರೆ ಕಶಾಂಗಗಳೆಲ್ಲ ಜಡೆಯಂತೆ ಒಂದಾಗಿ ಬ್ಯಾಕ್ಟೀರಿಯಾವನ್ನು ನೇರ ಮುಂದಕ್ಕೆ ತಳ್ಳುತ್ತವೆ. ಈ ಓಟ ಸುಮಾರು ಒಂದು ಸೆಕೆಂಡಿನದು. ಮೋಟಾರು ದಿಕ್ಕು ಬದಲಿಸಿದ ಕೂಡಲೇ ಜಡೆ ಬಿಚ್ಚಿಕೊಳ್ಳುತ್ತದೆ, ಬ್ಯಾಕ್ಟೀರಿಯಾ ಇದ್ದಲ್ಲೇ ಒದ್ದಾಡಿ ಯಾವುದೋ ಹೊಸ ದಿಕ್ಕಿಗೆ ಮುಖಮಾಡುತ್ತದೆ. ಇದಕ್ಕೆ ಹಿಡಿಯುವುದು ಸೆಕೆಂಡಿನ ಹತ್ತನೇ ಒಂದು ಪಾಲು. ಆಮೇಲೆ ಮತ್ತೆ ಓಟ. ಆಹಾರ ಹೆಚ್ಚುತ್ತಿರುವ ಕಡೆಗೆ ಹೊರಟಿದ್ದರೆ ಈ ಒದ್ದಾಟ ಅಪರೂಪವಾಗುತ್ತದೆ, ಹಾಗಾಗಿ ಓಟ ಉದ್ದವಾಗುತ್ತದೆ. ಕಣ್ಣಿಲ್ಲ, ಮೂಗಿಲ್ಲ, ಆದರೂ ಊಟದ ಮನೆ ಸಿಕ್ಕೇ ಸಿಗುತ್ತದೆ.

ನನ್ನ ಮೊದಲ ಕರಡಿನಲ್ಲಿ 'ಓಡು ಮತ್ತು ಬೀಳು' ಎಂದಿತ್ತು. ಮಕ್ಕಳು ಅದನ್ನು ಓದಿ, ಬ್ಯಾಕ್ಟೀರಿಯಾ ಎಡವಿ ಬಿತ್ತು ಅಂದುಕೊಳ್ಳುತ್ತಿದ್ದರು. ನೀರಿನಲ್ಲಿ ಈಜುವ ಜೀವಿ ಬೀಳುವುದು ಎಲ್ಲಿಗೆ? ಹೀಗಾಗಿ 'ಓಟ-ಹೊರಳಾಟ' ಎಂದು ಬದಲಿಸಿದೆ. ಹೊರಳು ಅಂದರೆ ದಿಕ್ಕು ಬದಲಿಸುವುದೂ ಹೌದಲ್ಲ. ರಸ್ತೆ ಎಡಕ್ಕೆ ಹೊರಳುತ್ತದೆ ಎನ್ನುತ್ತೇವೆ. ಬ್ಯಾಕ್ಟೀರಿಯಾ ಮಾಡುವ ಎರಡೂ ಕೆಲಸ, ಒದ್ದಾಟ ಮತ್ತು ತಿರುವು, ಒಂದೇ ಮಾತಿನಲ್ಲಿ ಕೂತಿತು. ಹೊರಳಾಟ ಅಂದರೆ ಹೊಟ್ಟೆನೋವಿನ ಹೊರಳಾಟ ಅನ್ನಿಸುವುದಿಲ್ಲವೇ ಎಂದು ಸಂಪಾದಕರು ತಕರಾರು ತೆಗೆದರು. ಇ. ಕೋಲೈ ವಿಷಯದಲ್ಲಿ ಅದೂ ಸೂಕ್ತವೇ ಸಾರ್ ಎಂದೆ. ಅವರು ನಕ್ಕು ಬಿಟ್ಟುಕೊಟ್ಟರು. ಈ ಕಸುಬಿನಲ್ಲಿ ನಾನು ಪಟ್ಟುಹಿಡಿದು ಗೆದ್ದದ್ದು ಕಡಿಮೆ, ಅದಕ್ಕೇ ಇದನ್ನು ಹೇಳಿಕೊಳ್ಳುತ್ತೇನೆ.

ಬೀಗದ ಮೇಲಿನ ಕಿರುಪುಸ್ತಕವೊಂದು ಬಂದಾಗ ಕೋಶ ಬಿಟ್ಟು ಬೀದಿಗಿಳಿದೆ. ಸರಿಯಾದ ಕೀಲಿ ಬರುವವರೆಗೆ ಬೀಗ ತೆರೆಯದಂತೆ ತಡೆದಿಡುವ, ಬೀಗದೊಳಗಿನ 'ಟಂಬ್ಲರ್'ಗೆ ಏನೆನ್ನಬೇಕು? ದೇವರಾಜ ಮಾರುಕಟ್ಟೆಯ ಹತ್ತಿರ ಕೀಲಿ ಮಾಡುವವರನ್ನು ಕೇಳಿದರೆ, "ಅದೆಲ್ಲ ಗೊತ್ತಿಲ್ಲ ಮೇಡಂ. ಇದು ಪಿನ್ನು, ಅದು ಲಿವರ್ರು. ಏಳು ಲಿವರ್ ಬೀಗ ಅಂತ ಬೀಗದ ಮೇಲೇ ಬರ್ದಿರ್ತಾರಲ್ಲ, ನೋಡಿಲ್ವಾ?" ಅಂದರು. ನೋಡಿದ್ದೆ. ನಮ್ಮ ಮನೆ ಬೀಗದ ಮೇಲೇ ಇತ್ತು. ಪುರಾತನ ಈಜಿಪ್ಟಿನ ಮರದ ಬೀಗಗಳಲ್ಲಿ ಗೂಟಗಳು ತಮ್ಮ ಭಾರಕ್ಕೇ ಅಗುಳಿಯ ತೂತಿನೊಳಗೆ ಬೀಳುತ್ತಿದ್ದವು, ಆದ್ದರಿಂದ ಬೀಳುವ ಹೆಸರು ಅಲ್ಲಿ ನ್ಯಾಯವೇ. 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಮಾಡಿದ ಲಿವರ್ ಬೀಗದಲ್ಲಿ ಲಿವರನ್ನು ಸರಿಯಾದ ಎತ್ತರಕ್ಕೆ, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಎತ್ತಿದರೆ ಮಾತ್ರ ಬೀಗ ತೆರೆಯುತ್ತಿತ್ತು. 1861ರ ಹೊತ್ತಿಗೆ ಲೈನಸ್ ಯೇಲ್ ಪೇಟೆಂಟು ಪಡೆದ ಬೀಗದಲ್ಲಿ ಪಿನ್ನುಗಳನ್ನು ಸ್ಪ್ರಿಂಗು ಒತ್ತುತ್ತದೆ. ಹೆಸರು ಉಳಿದರೂ ಬೀಳುವುದು ನಿಂತಿತ್ತು. ಪುಸ್ತಕದುದ್ದಕ್ಕೂ ಪಿನ್ನು, ಲಿವರ್ ಎಂದೇ ಬರೆದೆ. ಮಾರ್ಕೆಟ್ಟಿನ ಬೀಗದವರಿಗೆ ಅರ್ಥವಾಗದ ಬೀಗದ ಪುಸ್ತಕ ಯಾರಿಗೆ ಬೇಕು?

ಅಲ್ಲಿಂದ ಬರುತ್ತಾ ಹೋಟೆಲಿನಲ್ಲಿ ಕಾಫಿ ಕುಡಿದೆ. ಸ್ಟೀಲಿನ ಲೋಟ, ದಬರಿ. ನಾವು ಟಂಬ್ಲರ್ ಎಂದೂ ಕರೆಯುವ ಈ ಲೋಟ ಎಷ್ಟು ಗಟ್ಟಿಯಾಗಿ ಕೂತಿರುತ್ತದೆಂದರೆ, ಅದಕ್ಕೆ ಉರುಳುವವನು ಎಂಬ ಹೆಸರು ಹೇಗೆ ಬಂತೆಂದು ಅನುಮಾನವಾಗಬೇಕು. ಇಂಗ್ಲಿಷರ ಮೊದಮೊದಲ ಟಂಬ್ಲರ್‌ಗಳ ತಳ ಉಂಡೆಯಾಗಿಯೋ ಚೂಪಾಗಿಯೋ ಇರುತ್ತಿತ್ತು. ಮೇಜಿನ ಮೇಲಿಟ್ಟರೆ ಮಗುಚಿಕೊಳ್ಳುವುದರಿಂದ ಪೂರ್ತಿ ಕುಡಿದು ಮುಗಿಸುವವರೆಗೆ ಕೆಳಗಿಡುವಂತಿಲ್ಲ. ಆಮೇಲೆ ತಳ ಚಪ್ಪಟೆಯಾದರೂ ಹೆಸರು ಅಂಟಿಕೊಂಡಿತು, ನಮ್ಮ ಹೋಟೆಲಿನವರೆಗೂ ಬಂತು. ಬೈಟು ಕಾಫಿಯ ಗಿರಾಕಿಗಳ ಕೈಗೆ ಉಂಡೆ ತಳದ್ದು ಕೊಟ್ಟು ನೋಡಬೇಕು, ಮಾತುಕತೆ ಅರ್ಧ ನಿಮಿಷಕ್ಕೆ ಮುಗಿಯುತ್ತದೆ.

ಪಾರಿವಾಳದಲ್ಲೂ ಟಂಬ್ಲರ್ ಇದೆ. ಹಾರುತ್ತಾ ಹಾರುತ್ತಾ ಹಿಮ್ಮುಖವಾಗಿ ಪಲ್ಟಿ ಹೊಡೆಯುವ ತಳಿ. ಇದರ ನೆಂಟನೊಬ್ಬ ನಮ್ಮ ದೇಶದವನೇ, ಲೋಟನ್ ಎಂದು ಹೆಸರು. ಚಾರ್ಲ್ಸ್ ಡಾರ್ವಿನ್ 1868ರಲ್ಲಿ ಅದರ ಬಗ್ಗೆ ಬರೆದಿದ್ದಾನೆ: ಹಕ್ಕಿಯನ್ನು ಮೆಲ್ಲಗೆ ಅಲುಗಿಸಿ ನೆಲಕ್ಕೆ ಬಿಟ್ಟರೆ, ಎತ್ತಿಕೊಂಡು ಸಮಾಧಾನ ಮಾಡುವವರೆಗೂ ಅದು ಲಾಗ ಹಾಕುತ್ತಲೇ ಇರುತ್ತದಂತೆ. ಹಿಂದಿಯಲ್ಲಿ 'ಲೋಟ್‌ನಾ' ಅಂದರೆ ಹೊರಳಾಡುವುದು. ಅದಕ್ಕೂ ನಮ್ಮ ಕಾಫಿ ಲೋಟಕ್ಕೂ ನಂಟು ಕಟ್ಟುವ ಆಸೆ ನನಗೂ ಆಯಿತು. ತಿಪ್ಪರಲಾಗ ಹಾಕಿದರೂ ಪುರಾವೆ ಸಿಗದೆ ಕೈಬಿಟ್ಟೆ.

ಪತ್ರಿಕೆಗಳ ಟಂಬಲ್ ಸುಲಭ. ವಿಕೆಟ್ ಉರುಳುತ್ತದೆ, ಸರ್ಕಾರ ಉರುಳುತ್ತದೆ, ಸೂಚ್ಯಂಕ ಕುಸಿಯುತ್ತದೆ, ಟೊಮೆಟೊ ಬೆಲೆ ನೆಲಕಚ್ಚುತ್ತದೆ. ಸುದ್ದಿಮನೆಯವರು ಯಾವತ್ತೋ ಇತ್ಯರ್ಥ ಮಾಡಿಟ್ಟಿದ್ದಾರೆ. ಜೋಗದ ಕರಪತ್ರ ಅಷ್ಟು ಸುಲಭವಾಗಲಿಲ್ಲ. ಮೂಲದಲ್ಲಿ ಶರಾವತಿ 253 ಮೀಟರ್ 'ಟಂಬಲ್' ಆಗುತ್ತಾಳೆ ಎಂದು ಒಂದೇ ಏಟಿಗೆ ಮುಗಿಸಿದ್ದರು. ಆದರೆ ಅಲ್ಲಿ ಕವಲು ನಾಲ್ಕು. ರಾಜ ಒಂದೇ ಧಾರೆಯಾಗಿ ಧುಮುಕುತ್ತಾನೆ, ರಾಣಿ ಬಂಡೆಯ ಮೈಮೇಲೆ ನೊರೆಯಾಗಿ ಜಾರುತ್ತಾಳೆ, ರಾಕೆಟ್ ಚಿಮ್ಮುತ್ತಾನೆ. ಬಂಡೆಗೆ ಬಡಿದು, ಹೊರಳಿ, ರಾಜನತ್ತ ನುಗ್ಗುವ ರೋರರ್ ಒಬ್ಬನಿಗೇ ಟಂಬಲ್ ಸರಿಹೊಂದುವುದು. ನಾಲ್ಕಕ್ಕೂ ನಾಲ್ಕು ಕ್ರಿಯಾಪದ ಬರೆದೆ. ಜಾಗ ಸಾಲದೆಂದು ಮುದ್ರಕರು ಎರಡನ್ನು ಕತ್ತರಿಸಿದರು. ರೋರರ್ ಹೋದ.

'ಟಂಬಲ್ ಟು' ಎಂಬುದೊಂದು ಇದೆ, ಗುಟ್ಟು ತಟ್ಟನೆ ಹೊಳೆಯುವುದು. ಇಂಗ್ಲಿಷಿನವರು ವಿಷಯದೊಳಕ್ಕೆ ತಾವೇ ಮುಗ್ಗರಿಸಿ ಬೀಳುತ್ತಾರೆ. ನಮ್ಮಲ್ಲಿ ವಿಷಯವೇ ಬಂದು ಕಣ್ಣಿಗೆ ಬೀಳುತ್ತದೆ, ಕಿವಿಗೆ ಬೀಳುತ್ತದೆ. 'ಹೊಳೆಯಿತು' ಎಂದು ಬರೆದು ಮುಂದೆ ಹೋದೆ.

ಈಗ ಮೇಜಿನ ಮೇಲಿರುವುದು ಅಮೆರಿಕದ ಬಯಲುಸೀಮೆಯ ಬಗೆಗಿನ ಒಂದು ಸಾಕ್ಷ್ಯಚಿತ್ರದ ಅಡಿಬರಹ. ಅದರಲ್ಲಿ 'ಟಂಬಲ್‌ವೀಡ್' ಬರುತ್ತದೆ. ಒಣಗಿದ ಮೇಲೆ ಬುಡದಲ್ಲಿ ಮುರಿದುಕೊಂಡು, ಗಾಳಿ ಹೊಡೆದತ್ತ ಉರುಳುತ್ತಾ ಬೀಜ ಚೆಲ್ಲಿಕೊಂಡು ಹೋಗುವ ಗಿಡ. ಅಲ್ಲಿ ಹೆಚ್ಚಾಗಿ ಕಾಣುವ ರಷ್ಯನ್ ಥಿಸಲ್ 1870ರ ದಶಕದಲ್ಲಿ ಅಗಸೆ ಬೀಜದ ಜೊತೆ ಬೆರೆತು ಸೌತ್ ಡಕೋಟಕ್ಕೆ ಬಂದು ಇಳಿದದ್ದು. ಕರಾವಳಿಯ ಗೆಳತಿಗೆ ಹೇಳಿದರೆ, "ಅಯ್ಯೋ, ಅದು ನಮ್ಮ ರಾವಣನ ಮೀಸೆ ಅಲ್ವಾ!" ಎಂದಳು. ಕಡಲತೀರದ ಮರಳಿನ ಮೇಲೆ ಮುಳ್ಳುಮುಳ್ಳಾದ ಉಂಡೆಗಳು ಗಾಳಿಗೆ ಉರುಳುತ್ತವಲ್ಲ, ಅವು. ನೋಟ ಅದೇ, ಹೆಸರು ಹತ್ತು ಪಟ್ಟು ಚೆಂದ, ಆದರೆ ಗಿಡ ಬೇರೆ. ಅದು ಹುಲ್ಲಿನ ಜಾತಿ, ಉರುಳುವುದು ಅದರ ಬೀಜದ ತಲೆ ಮಾತ್ರ. ಡಕೋಟದ ಹೆದ್ದಾರಿಯಲ್ಲಿ ರಾವಣನ ಮೀಸೆ ಹಾಯಿಸಲು ಧೈರ್ಯ ಸಾಲುತ್ತಿಲ್ಲ. ಸದ್ಯಕ್ಕೆ 'ಉರುಳಾಡುವ ಒಣಗಿಡ' ಎಂದು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ. ಅಡಿಬರಹ ತೆರೆಯ ಮೇಲಿರುವುದು ಎರಡು ಸೆಕೆಂಡು, ಅಷ್ಟರಲ್ಲಿ ಓದಿ ಮುಗಿಯುತ್ತದೋ ಇಲ್ಲವೋ ಎಂದು ಇವತ್ತು ಸಂಜೆ ಅಮ್ಮನ ಕೈಲಿ ಓದಿಸಿ ನೋಡಬೇಕು.