ಖಾಲಿ ಬಿಟ್ಟ ಎರಡು ಸಾಲು

ನನ್ನ ತಮ್ಮ ಮೀನಿಗೆ ಹೋದವನು ವಾಪಸ್ ಬರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲರ್‌ಗಳಿಗೆ ನಿಷೇಧ ಇರುತ್ತದಲ್ಲ, ಅದು ಮುಗಿದ ಎರಡನೇ ವಾರ. ಕಾರವಾರದ ಬೈತಖೋಲ ಬಂದರಿನಿಂದ ಹೊರಟ ಬೋಟಿನಲ್ಲಿ ಐದು ಜನ ಇದ್ದರು. ನಾಲ್ವರನ್ನು ಬೇರೆ ಬೋಟಿನವರು ಎತ್ತಿಕೊಂಡರು. ಇವನ ದೇಹವೂ ಸಿಗಲಿಲ್ಲ.

ದೇಹ ಸಿಗದ ಮನೆಯ ದುಃಖವೇ ಬೇರೆ. ಮಣ್ಣು ಕೊಟ್ಟಿಲ್ಲ, ಗೋರಿ ಇಲ್ಲ. ಮರಣ ಪ್ರಮಾಣಪತ್ರ ಕೇಳಿದರೆ, ಏಳು ವರ್ಷ ಸುಳಿವೇ ಸಿಗದಿದ್ದರೆ ಸತ್ತರೆಂದು ಎಣಿಸುವ ಕಾನೂನು ಹೇಳುತ್ತಾರೆ. ಅಮ್ಮ ರಾತ್ರಿ ಬಾಗಿಲಿಗೆ ಚಿಲಕ ಹಾಕಲು ಬಿಡುತ್ತಿರಲಿಲ್ಲ. ನಾನು ಅವನ ನಂಬರಿಗೆ ತಿಂಗಳು ತಿಂಗಳು ರೀಚಾರ್ಜ್ ಮಾಡುತ್ತಿದ್ದೆ. ಫೋನ್ ಅವನ ಜೊತೆಗೇ ನೀರಿಗೆ ಹೋಗಿದೆ ಅಂತ ಗೊತ್ತಿತ್ತು. ಆದರೂ ಆ ನಂಬರ್ ಬೇರೆ ಯಾರಿಗೋ ಹೋಗಬಾರದು ಅನ್ನಿಸುತ್ತಿತ್ತು. ಇದನ್ನು ಮನೆಯಲ್ಲೂ ಹೇಳಿರಲಿಲ್ಲ.

ಒಂದು ಪ್ರಾರ್ಥನಾ ಕೂಟದಲ್ಲಿ ಒಬ್ಬರು, ನಿನ್ನ ವಿಶ್ವಾಸ ಕಡಿಮೆ, ಅದಕ್ಕೇ ಸಮಾಧಾನ ಸಿಗ್ತಾ ಇಲ್ಲ ಅಂದುಬಿಟ್ಟರು. ಆಮೇಲೆ ಭಾನುವಾರ ಇಗರ್ಜಿಗೆ ಹೋಗುತ್ತಿದ್ದೆ, ಆದರೆ ಬಾಯಿ ಬಿಟ್ಟು ಒಂದು ಪ್ರಾರ್ಥನೆ ಹೇಳುತ್ತಿರಲಿಲ್ಲ.

ಕೊನೆಗೆ ಪರಿಚಯದವರೊಬ್ಬರ ಒತ್ತಾಯಕ್ಕೆ ಶಿರಸಿಗೆ ಹೋದೆ. ಅಲ್ಲಿ ಆಪ್ತ ಸಮಾಲೋಚನೆ ಕಲಿತ ಒಬ್ಬ ಸಿಸ್ಟರ್, ಅಂದರೆ ಕ್ರೈಸ್ತ ಸನ್ಯಾಸಿನಿ, ಇದ್ದರು. ದೇವಿಮನೆ ಘಟ್ಟ ಹತ್ತುವಾಗ ಬಸ್ಸಿನಲ್ಲಿ ಕೂತು, ಇವರೂ ದೇವರ ಚಿತ್ತ ಅಂದರೆ ಎದ್ದು ಬಂದುಬಿಡಬೇಕು ಅಂತ ಗಟ್ಟಿ ಮಾಡಿಕೊಂಡಿದ್ದೆ.

ಸಿಸ್ಟರ್ ದೇವರ ಸುದ್ದಿಯನ್ನೇ ಎತ್ತಲಿಲ್ಲ. “ನಿದ್ದೆ ಬರ್ತದಾ? ಊಟ ಮಾಡ್ತಿದ್ದೀಯಾ?” ಅಂತ ಕೇಳಿದರು. ಎರಡೂ ಇಲ್ಲ ಅಂದೆ. ಆಗ ಪ್ರವಾದಿ ಎಲೀಯನ ಕತೆ ಹೇಳಿದರು. ಅವನೂ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತಗೋ ಎಂದು ದೇವರಿಗೆ ಹೇಳಿದವನು. ದೇವದೂತ ಬಂದು ಅವನಿಗೆ ಬುದ್ಧಿ ಹೇಳಲಿಲ್ಲ. ರೊಟ್ಟಿ, ನೀರು ಕೊಟ್ಟ. ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ಇನ್ನೊಂದು ಸಲ ಉಣ್ಣಿಸಿದ. ಇಷ್ಟು ವರ್ಷ ಬೈಬಲ್ ಓದಿದ್ದ ನನಗೆ ಆ ಎರಡನೇ ಊಟ ಕಣ್ಣಿಗೇ ಬಿದ್ದಿರಲಿಲ್ಲ.

ಮೂರನೇ ಭೇಟಿಯಲ್ಲಿ ರೀಚಾರ್ಜ್ ವಿಷಯ ಬಾಯಿಗೆ ಬಂತು. ನಿಲ್ಲಿಸು ಅಂತಾರೆ ಅಂದುಕೊಂಡೆ. ಅವರು ಕೇಳಿದ್ದು ಒಂದೇ: “ಅವನು ಫೋನ್ ಎತ್ತಿದ್ರೆ ಏನು ಹೇಳ್ತಿದ್ದೆ?” ನಾನು ಬೈದೆ. ಗಾಳಿ ಇದೆ, ಹೋಗಬೇಡ ಅಂತ ಹೇಳಿದ್ದೆ, ಯಾಕೆ ಹೋದೆ ಅಂತ ಬೈದೆ. ಆಮೇಲೆ ದೇವರನ್ನೂ ಬೈದೆ. ಕೊಂಕಣಿಯಲ್ಲೇ, ಮನೆಮಾತಿನಲ್ಲೇ. ಸಿಸ್ಟರ್ ತಡೆಯಲಿಲ್ಲ. ನೀರಿನ ಲೋಟ ಹತ್ತಿರ ಸರಿಸಿ ಸುಮ್ನೆ ಕೂತರು.

ಆಮೇಲೆ ಬೈಬಲ್ಲಿನ 13ನೇ ಕೀರ್ತನೆ ತೆಗೆದು ತೋರಿಸಿದರು. ಇರುವುದೇ ಆರು ವಚನ. ಮೊದಲ ಎರಡರಲ್ಲಿ ಬರೀ ದೂರು. ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನಡುವಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಭರವಸೆ. ಇದೇ ಅಳತೆಯಲ್ಲಿ ನಿನ್ನದೊಂದು ಬರಿ ಅಂದರು. ಕೊನೆಯ ಎರಡು ಸಾಲು ನನಗೆ ಬರಲಿಲ್ಲ, ಸುಳ್ಳು ಬರೆಯಲಾರೆ ಅಂದೆ. “ಹಾಗಾದ್ರೆ ಖಾಲಿ ಬಿಡು. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ಪ್ರಾರ್ಥನೆಯೇ ಅಲ್ವಾ?”

ನನಗೆ ಗುಣ ಶುರುವಾದದ್ದು ಆ ಖಾಲಿ ಜಾಗದಿಂದ. ದೇವರ ಮುಂದೆ ಸಿಟ್ಟು ಮಾಡಬಹುದು, ಅವನು ಎದ್ದು ಹೋಗುವುದಿಲ್ಲ ಎಂದು ಗೊತ್ತಾದ ಮೇಲೆ ಮತ್ತೆ ಮಾತು ಬಂತು. ನವೆಂಬರ್ 2, ಮೃತರ ದಿನ, ಎಲ್ಲರೂ ತಮ್ಮವರ ಗೋರಿಗೆ ಮೇಣದಬತ್ತಿ ಹಚ್ಚುವಾಗ ನಾನೂ ಅಮ್ಮನೂ ಸಿಮಿತ್ರಿಯ, ಅಂದರೆ ಸ್ಮಶಾನದ, ದೊಡ್ಡ ಶಿಲುಬೆಯ ಬುಡದಲ್ಲಿ ಹಚ್ಚಿದೆವು. ಆ ರಾತ್ರಿ ಅಮ್ಮ ತಾನೇ ಚಿಲಕ ಹಾಕಿದಳು. ನನ್ನ ಖಾಲಿ ಸಾಲು ತುಂಬಲು ಎಂಟು ತಿಂಗಳು ಹಿಡಿಯಿತು.

ಮುಂದೆ ನಾನೂ ಈ ಕೆಲಸ ಕಲಿತೆ. ಸಿಗದೆ ಹೋದವರ ದುಃಖಕ್ಕೆ ಪಾಲಿನ್ ಬಾಸ್ ಎಂಬ ಅಮೆರಿಕದ ವಿದ್ವಾಂಸೆ 1970ರ ದಶಕದಲ್ಲೇ ಬೇರೆ ಹೆಸರಿಟ್ಟಿದ್ದಾರೆ ಅಂತ ತರಬೇತಿಯಲ್ಲಿ ತಿಳಿಯಿತು. ‘ಅಸ್ಪಷ್ಟ ನಷ್ಟ’ ಎಂಬುದು ಆ ಹೆಸರು. ಕೊನೆ ಕಾಣದ ನಷ್ಟ ಅದು. ಅಲ್ಲಿ ಮನುಷ್ಯನಿಗೆ ಹುಚ್ಚಲ್ಲ, ಪರಿಸ್ಥಿತಿಯೇ ಹಾಗಿದೆ ಎನ್ನುತ್ತಾರೆ ಅವರು. ಓದಿ ಎಷ್ಟು ಹಗುರಾಯಿತು ಗೊತ್ತಾ.

ಈಗ ಗುರುವಾರ ಸಂಜೆ, ನಾನು ಕಲಿಸುವ ಶಾಲೆ ಬಿಟ್ಟ ಮೇಲೆ, ಕಾರವಾರದಲ್ಲಿ ಕೂರುತ್ತೇನೆ. ಎರಡು ಕುರ್ಚಿ, ಒಂದು ತಂಬಿಗೆ ನೀರು. ಬೈಬಲ್ ಚೀಲದಲ್ಲೇ ಇರುತ್ತದೆ, ಬಂದವರು ಕೇಳಿದರೆ ಮಾತ್ರ ತೆಗೆಯುತ್ತೇನೆ. ಹಿಂದೂಗಳೂ ಬರುತ್ತಾರೆ, ಅವರ ದುಃಖ ಕೇಳುವುದಷ್ಟೇ ನನ್ನ ಕೆಲಸ. ಸಾಯುವ ಯೋಚನೆ ಬರ್ತದಾ ಅಂತ ನೇರವಾಗಿ ಕೇಳುತ್ತೇನೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು, ಕೇಳಿದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಅಂದರೆ ಒಬ್ಬರನ್ನೇ ಮನೆಗೆ ಕಳಿಸುವುದಿಲ್ಲ. ಮನೆಯವರನ್ನು ಕರೆಸಿ, ಜೊತೆಯಲ್ಲೇ ಮನೋವೈದ್ಯರ ಹತ್ತಿರ ಹೋಗುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಬರೆದು ಕೊಡುತ್ತೇನೆ, ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪ್ರಾರ್ಥನೆ ಇದೆ ಅಂತ ಮಾತ್ರೆ ಬಿಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎಲೀಯನಿಗೆ ರೊಟ್ಟಿ ಕೊಟ್ಟ ದೇವರೇ ಮಾತ್ರೆಯನ್ನೂ ಕೊಟ್ಟಿದ್ದಾನೆ.

ಹೋದ ತಿಂಗಳಿನಿಂದ ಒಬ್ಬ ತಾಯಿ ಬರುತ್ತಿದ್ದಾರೆ. ಮೊದಲ ಎರಡು ವಾರ ಸೆರಗಿನ ತುದಿ ಸುತ್ತುತ್ತಾ ಕೂತಿದ್ದರು, ಮಾತಿಲ್ಲ. ನಾನೂ ಮಾತಾಡಿಸಲಿಲ್ಲ. ಮೊನ್ನೆ ಮಗಳ ಹಳೇ ನೋಟ್‌ಬುಕ್ಕಿನ ಹಾಳೆಯೊಂದನ್ನು ನನ್ನ ಕೈಗಿಟ್ಟು, “ಟೀಚರ್, ಇಷ್ಟೇ ಬರೆಯೂಕಾಯ್ತು” ಅಂದರು. ನಾಲ್ಕು ಸಾಲು ಇದ್ದವು. ಓದಿ, ಮಡಚಿ, ಅವರಿಗೇ ವಾಪಸ್ ಕೊಟ್ಟೆ. ಮುಂದಿನ ಗುರುವಾರ ಬರ್ತೇನೆ ಅಂದಿದ್ದಾರೆ.