ಲಗಾನ್, ಮೂರು ಸಂಜೆ, ಹನ್ನೆರಡು ಸ್ಕೋರ್ ಪುಸ್ತಕ

"ಲಗಾನ್‌ಗೆ ರಸಗ್ರಹಣ ಶಿಬಿರವೇ? ಟಿವಿಯಲ್ಲಿ ಲೆಕ್ಕವಿಲ್ಲದಷ್ಟು ಸಲ ಬಂದಿದೆ. ಹಾಡು, ಕುಣಿತ, ಕೊನೆಗೊಂದು ಸಿಕ್ಸರ್. ಅದರಲ್ಲಿ ಗ್ರಹಿಸುವುದು ಏನಿದೆ ಮಾರಾಯರೇ?" ಎಂದು ನಮ್ಮ ಬಳಗದ ಹಿರಿಯರೊಬ್ಬರು ಎಲ್ಲರ ಎದುರು ಕೇಳಿದ್ದರು. ಕಳೆದ ಚಳಿಗಾಲದಲ್ಲಿ ಅವರೇ ಶಾಲೆಯ ಅಂಗಳದ ಜಮಖಾನೆಯ ಮೇಲೆ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಪೆನ್ಸಿಲ್ ಕಚ್ಚುತ್ತಾ ಸ್ಕೋರ್ ಬರೆಯುತ್ತಿದ್ದರು. ಅದನ್ನು ಕಣ್ಣಾರೆ ಕಂಡ ಮೇಲೆ ಇದನ್ನು ಬರೆಯದೆ ಇರಲು ನನ್ನಿಂದಾಗಲಿಲ್ಲ. ನೋಡದವರಿಗೆ ಒಂದು ಮಾತು: ಈ ಹಿಂದಿ ಚಿತ್ರದಲ್ಲಿ ಬ್ರಿಟಿಷರ ಕಾಲದ ಚಂಪಾನೇರ್ ಎಂಬ ಹಳ್ಳಿಯವರು ಭುವನ್‌ನ ಮುಂದಾಳತ್ವದಲ್ಲಿ, ಲಗಾನ್ ಅಂದರೆ ಭೂಕಂದಾಯದ ಮಾಫಿಗಾಗಿ ಬಿಳಿಯರ ಜೊತೆ ಕ್ರಿಕೆಟ್ ಆಡುತ್ತಾರೆ. ಅದನ್ನು ಊರೂರಿನಲ್ಲಿ ತೋರಿಸಿ, ಗಮನವಿಟ್ಟು ನೋಡುವುದನ್ನು ಕಲಿಸುವ ಶಿಬಿರ ನನ್ನದು.

ಪ್ರೊಜೆಕ್ಟರ್, ಪರದೆ, ಧ್ವನಿ, ಪ್ರದರ್ಶನದ ಅನುಮತಿ ಇವೆಲ್ಲ ಊರೂರು ಸುತ್ತಿ ಸಿನಿಮಾ ತೋರಿಸುವವರಿಗೆ ಗೊತ್ತಿರುವ ಸಂಗತಿ. ಅವನ್ನು ಬಿಟ್ಟು ನಾನು ಎಲ್ಲೆಲ್ಲಿ ಎಡವಿದೆ ಎಂಬುದನ್ನೇ ಹೇಳುತ್ತೇನೆ.

ಮೊದಲ ಸಲ ಚಿತ್ರಕ್ಕೂ ಮುಂಚೆ ಮುಕ್ಕಾಲು ಗಂಟೆ ಭಾಷಣ ಮಾಡಿದೆ. ವಸಾಹತುಶಾಹಿ, ಕಂದಾಯ ಪದ್ಧತಿ, ದೇಶೀ ಸಂಸ್ಥಾನಗಳು, ಎಲ್ಲವೂ ಅದರಲ್ಲಿತ್ತು. ಇನ್ನೂರು ಜನ ಸೇರಿದ್ದರು. ಭುವನ್ ಪರದೆಗೆ ಬರುವ ಹೊತ್ತಿಗೆ ಉಳಿದವರು ಎಂಬತ್ತಿರಬಹುದು. ಚಿತ್ರವೋ ಮೂರು ಗಂಟೆ ನಲವತ್ತು ನಿಮಿಷವನ್ನೂ ದಾಟುತ್ತದೆ. ಹಳ್ಳಿ ತಂಡದ ಸ್ಪಿನ್ನರ್ ಕಚ್ರಾ ಕೈಗೆ ಚೆಂಡು ಬರುವ ಹೊತ್ತಿಗೆ ನಡುರಾತ್ರಿಯಾಗಿತ್ತು, ಕರೆಂಟ್ ಹೋಯಿತು. ಜನರೇಟರ್‌ನವನು ಡೀಸೆಲ್ ಮುಗಿಯಿತು ಎಂದು ಕೈಚೆಲ್ಲಿದ. ಬಾಡಿಗೆ, ಡೀಸೆಲ್, ಧ್ವನಿವರ್ಧಕ ಎಲ್ಲ ಸೇರಿ ಆರು ಸಾವಿರದ ಹತ್ತಿರ ಹೋಯಿತು. ಹುಂಡಿಯಲ್ಲಿ ಬಿದ್ದದ್ದು ಆರುನೂರು ಚಿಲ್ಲರೆ.

ಎರಡನೆಯ ಊರಿನಲ್ಲಿ ಭಾಷಣ ಬಿಟ್ಟೆ, ಆದರೆ ಬಾಯಿ ಮುಚ್ಚಲಿಲ್ಲ. ಅವಧೀ ಛಾಯೆಯ ಹಿಂದಿ ನಮ್ಮವರಿಗೆ ಹೇಗೆ ತಿಳಿಯಬೇಕು ಎಂದು ಮೈಕ್ ಹಿಡಿದು, ಒಂದೊಂದು ಮಾತಿಗೂ ಕನ್ನಡದಲ್ಲಿ ಅರ್ಥ ಹೇಳುತ್ತಾ ಹೋದೆ. ಮಧ್ಯಂತರದಲ್ಲಿ ಹುಡುಗನೊಬ್ಬ ಬಂದು, "ಸರ್, ನೀವು ಮಾತನಾಡುವುದರಿಂದ ಅವರು ಮಾತನಾಡುವುದು ಕೇಳಿಸುತ್ತಿಲ್ಲ" ಎಂದ. "ನಿನಗೆ ಹಿಂದಿ ಬರುತ್ತದೆಯೇ?" ಎಂದರೆ "ಇಲ್ಲ ಸರ್" ಎಂದ. ನನಗೆ ಮುಖಭಂಗವಾಯಿತು, ಆದರೆ ಅವನ ಮಾತು ಸರಿಯಾಗಿತ್ತು. ಈ ಚಿತ್ರದ ಧ್ವನಿಯನ್ನು ಚಿತ್ರೀಕರಣದ ಜಾಗದಲ್ಲಿಯೇ ದಾಖಲಿಸಿದ್ದಾರೆ. ಆ ಕಾಲದ ಹಿಂದಿ ಚಿತ್ರರಂಗದಲ್ಲಿ ಅದು ಅಪರೂಪ. ಕಛ್‌ನ ಒಣ ಬಯಲಲ್ಲಿ ನಿಂತು ಕೂಗಿದವನ ಗಂಟಲು ಹೇಗಿರುತ್ತದೋ ಹಾಗೆಯೇ ಕೇಳುತ್ತದೆ. ಅದರ ಮೇಲೆ ನನ್ನ ಮೈಕ್!

ದಾರಿ ತೋರಿಸಿದವನೂ ಅದೇ ಊರಿನ ಇನ್ನೊಬ್ಬ ಹುಡುಗ. ಟೆನಿಸ್ ಚೆಂಡಿನ ಪಂದ್ಯಾವಳಿಗಳಲ್ಲಿ ಸ್ಕೋರ್ ಬರೆಯುವವನು. ಚಿತ್ರ ಮುಗಿದ ಮೇಲೆ ಅಂಗೈ ತೋರಿಸಿದ; ಅಲ್ಲಿ ಬಾಲ್‌ಪೆನ್ನಿನ ಗೀಟುಗಳು. "ಲೆಕ್ಕ ಕೂಡುವುದಿಲ್ಲ ಸರ್. ಒಂದು ಓವರಿನಲ್ಲಿ ಮೂರೇ ಚೆಂಡು ತೋರಿಸಿ ಮುಂದಕ್ಕೆ ಹೋಗಿಬಿಟ್ಟರು" ಎಂದು ತಕರಾರು ತೆಗೆದ. ಸಂಕಲನದ ಬಗ್ಗೆ ನಾನು ಇಪ್ಪತ್ತು ವರ್ಷಗಳಿಂದ ಹೇಳುತ್ತಾ ಬಂದದ್ದನ್ನು ಅವನು ಅಂಗೈಯಲ್ಲಿ ಹಿಡಿದು ನಿಂತಿದ್ದ. ಮೂರು ದಿನಗಳ ಪಂದ್ಯ ಪರದೆಯ ಮೇಲೆ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ. ಉಳಿದ ಚೆಂಡುಗಳೆಲ್ಲ ಎಲ್ಲಿ ಹೋದವು?

ಮೂರನೆಯ ಊರಿಗೆ ಹನ್ನೆರಡು ಸ್ಕೋರ್ ಪುಸ್ತಕ ಕೊಂಡೆ. ಅಚ್ಚಾದ ಗೆರೆಗಳ ಪಕ್ಕದಲ್ಲಿ ಕೈಯಿಂದ ಒಂದು ಕಾಲಂ ಎಳೆದೆ: "ಚೆಂಡಿನ ನಂತರ ಕಂಡ ಮುಖ". ಐದಾರು ಜನರಿಗೆ ಒಂದು ಪುಸ್ತಕ. ಕಾಣದ ಚೆಂಡಿಗೆ ಖಾಲಿ ಮನೆ ಬಿಡಬೇಕು. ಕಂಡ ಚೆಂಡಿಗೆ, ಅದಾದ ಕೂಡಲೇ ಕ್ಯಾಮೆರಾ ಯಾರ ಕಡೆ ತಿರುಗಿತು ಎಂದು ಬರೆಯಬೇಕು. ಭುವನ್‌ನನ್ನು ಪ್ರೀತಿಸುವ ಗೌರಿಯೋ, ಹಳ್ಳಿಗರಿಗೆ ಕ್ರಿಕೆಟ್ ಕಲಿಸುವ ಎಲಿಜಬೆತ್‌ಳೋ, ಪಂಥ ಹಾಕಿದ ಕ್ಯಾಪ್ಟನ್ ರಸೆಲ್‌ನೋ, ರಾಜನೋ, ಗುಡ್ಡದ ಮೇಲೆ ಕುಳಿತ ಜನವೋ. ಇನ್ನೂ ಒಂದು ಕಾಲಂ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಜೊತೆಗೆ ಒಂದು ಊರಿಗೆ ಬಂದು ಪರದೆ ಕಟ್ಟಲು ಕೈಹಚ್ಚಿದವರಿಗೆ ತೋರಿಸುತ್ತೇನೆ.

ಚಿತ್ರವನ್ನು ಮೂರು ಸಂಜೆಗೆ ಹರಡಿದೆ. ಮೊದಲನೆಯದರಲ್ಲಿ ಪಂಥ ಕಟ್ಟುವವರೆಗೆ: ಗೆದ್ದರೆ ಮೂರು ವರ್ಷ ಲಗಾನ್ ಮಾಫಿ, ಸೋತರೆ ಮೂರು ಪಟ್ಟು. ಎರಡನೆಯದರಲ್ಲಿ ತಂಡ ಕಟ್ಟುವುದು. ಮೂರನೆಯ ಸಂಜೆ ಪೂರ್ತಿ ಪಂದ್ಯ. "ತುಂಡು ಮಾಡಿದರೆ ಚಿತ್ರ ಸಾಯುತ್ತದೆ" ಎಂದು ಬಳಗದಲ್ಲಿ ದೊಡ್ಡ ರಂಪವಾಯಿತು. ಎರಡನೆಯ ಸಂಜೆಯನ್ನು ಸರಿಯಾಗಿ ಯಾವ ಚೌಕಟ್ಟಿನಲ್ಲಿ ನಿಲ್ಲಿಸುತ್ತೇನೆ ಎಂಬುದೂ ನನ್ನ ಗುಟ್ಟೇ. ಆದರೆ ನಿಲ್ಲಿಸಿದ ಮೇಲೆ ಹದಿನೈದು ನಿಮಿಷ ಯಾರೂ ಮನೆಗೆ ಹೊರಡಲಿಲ್ಲ ಎಂಬುದಕ್ಕೆ ಸಾಕ್ಷಿಗಳಿದ್ದಾರೆ.

ಫಲ? ಕಚ್ರಾ ಮೊದಲ ದಿನ ಯಾಕೆ ವಿಫಲನಾದ ಎಂಬುದನ್ನು ದೊಡ್ಡವರಿಗಿಂತ ಮುಂಚೆ ಮಕ್ಕಳು ಹಿಡಿದರು: ಹೊಸ ಚೆಂಡು ತಿರುಗುವುದಿಲ್ಲ, ಸವೆದ ಚೆಂಡು ತಿರುಗುತ್ತದೆ. ಹ್ಯಾಟ್ರಿಕ್‌ನ ಮೂರು ಚೆಂಡುಗಳಿಗೆ ಯಾವ ಪುಸ್ತಕದಲ್ಲಿಯೂ ಖಾಲಿ ಮನೆಯಿಲ್ಲ. ಅದಕ್ಕೆ ಮುಂಚಿನ ಓವರುಗಳಲ್ಲಿ ಬರೀ ಖಾಲಿ. ಏಳನೆಯ ತರಗತಿಯ ಹುಡುಗಿಯೊಬ್ಬಳು ಮುಖದ ಕಾಲಂ ಮೇಲೆ ಬೆರಳಿಟ್ಟು, "ರಾಜನ ಮುಖ ಬಂದಾಗಲೆಲ್ಲ ಅವನು ಮೊದಲು ಪಕ್ಕಕ್ಕೆ ನೋಡಿಕೊಳ್ಳುತ್ತಾನೆ ಸರ್, ಸಂತೋಷಪಡಬಹುದೋ ಬೇಡವೋ ಎಂದು" ಎಂದಳು. ಸಂಸ್ಥಾನಿಕರ ಇಕ್ಕಟ್ಟಿನ ಬಗ್ಗೆ ನನ್ನ ಮುಕ್ಕಾಲು ಗಂಟೆಯ ಭಾಷಣದಲ್ಲಿ ಇಷ್ಟು ತೂಕದ ಒಂದು ವಾಕ್ಯವೂ ಇರಲಿಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆ. ಕಥೆ ನಡೆಯುವುದು 1893ರಲ್ಲಿ. ಆಗ ಇಂಗ್ಲೆಂಡಿನಲ್ಲಿ ಓವರಿಗೆ ಐದೇ ಎಸೆತ, ಆರಾದದ್ದು 1900ರಲ್ಲಿ. ಗೆರೆ ದಾಟಿ ಬಿದ್ದರೆ ನಾಲ್ಕೇ ಓಟ, ಮೈದಾನದಿಂದಲೇ ಆಚೆ ಹೋದರೆ ಮಾತ್ರ ಆರು. ಅದು ಬದಲಾದದ್ದು 1910ರಲ್ಲಿ. ಎರಡನೆಯ ದಿನ ಸಂಜೆ ನಾಲ್ಕಕ್ಕೆ ಮಕ್ಕಳಿಂದ ಹಳೆಯ ನಿಯಮದಲ್ಲಿ ಆಡಿಸಿದೆ. ಐದನೆಯ ಚೆಂಡಿಗೆ ಓವರ್ ಮುಗಿಯಿತು ಎಂದರೆ ಜಗಳಕ್ಕೇ ಬಂದರು. ಮೂರನೆಯ ಸಂಜೆ ಭುವನ್‌ನ ಕೊನೆಯ ಹೊಡೆತವನ್ನು ರಸೆಲ್ ಗೆರೆಯಾಚೆ ನಿಂತು ಹಿಡಿದಾಗ ಒಬ್ಬ ಎದ್ದು ನಿಂತು, "ಹಾಗಾದರೆ ಇದಕ್ಕೆ ನಾಲ್ಕೇ ಅಲ್ಲವೇ? ಲಗಾನ್ ಕಟ್ಟಬೇಕಿತ್ತೇ?" ಎಂದು ಕೂಗಿದ. ಎಲ್ಲರೂ ಸೇರಿ ಅವನನ್ನು ಕೂರಿಸಿದರು. ಚಿನ್ನಿದಾಂಡು ಪ್ರಯೋಗವನ್ನೂ ಮಾಡಲು ಹೋದೆ, ಭುವನ್ ಕ್ರಿಕೆಟ್ಟನ್ನು ಅದಕ್ಕೇ ಹೋಲಿಸುತ್ತಾನಲ್ಲ. ಚಿನ್ನಿ ಹಾರಿ ಶಾಲೆಯ ಹೆಂಚು ಒಡೆಯಿತು. ನೂರೈವತ್ತು ರೂಪಾಯಿ ದಂಡ.

ಕಚ್ರಾ ಬಂದ ಮೇಲೆ ಪಳವಂಕರ ಬಾಲೂ ಕಥೆ ಹೇಳದೆ ಇರುವುದಕ್ಕೆ ನನ್ನಿಂದಾಗುವುದಿಲ್ಲ. 1876ರಲ್ಲಿ ನಮ್ಮ ಧಾರವಾಡದಲ್ಲಿಯೇ ಹುಟ್ಟಿದ ದಲಿತ ಆಟಗಾರ, ಎಡಗೈ ಸ್ಪಿನ್ನರ್. ಕಥೆಯ ಕಚ್ರಾ ಚಂಪಾನೇರ್‌ನಲ್ಲಿ ಚೆಂಡು ಹಿಡಿದ ಕಾಲದಲ್ಲಿ ನಿಜದ ಬಾಲೂ ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ಪಿಚ್‌ಗೆ ರೋಲರ್ ಎಳೆಯುತ್ತಾ, ಬಲೆ ಕಟ್ಟುತ್ತಾ, ಸಾಹೇಬರಿಗೆ ಚೆಂಡೆಸೆಯುತ್ತಿದ್ದ. ಮುಂದೆ ಹಿಂದೂ ತಂಡದಲ್ಲಿ ಆಡಿದಾಗಲೂ ಅವನಿಗೆ ಚಹಾ ಪೆವಿಲಿಯನ್ನಿನ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ. ಚಿತ್ರದಲ್ಲಿ ಅಸ್ಪೃಶ್ಯನಾದ ಕಚ್ರಾನನ್ನು ತಂಡಕ್ಕೆ ಸೇರಿಸಲು ಒಪ್ಪದ ಊರಿನ ಮನಸ್ಸು ಭುವನ್‌ನ ಒಂದು ಭಾಷಣಕ್ಕೆ ತಿರುಗಿಬಿಡುತ್ತದೆ. ಅದು ನನಗೆ ಮೊದಲಿನಿಂದಲೂ ಅತಿ ಸಲೀಸು ಎನಿಸಿದೆ. ಆದರೆ ಅದನ್ನು ಜನರ ಎದುರು ಹೇಳುವುದಿಲ್ಲ. ಕುಡಿಕೆಯ ಕಥೆ ಹೇಳಿ ಸುಮ್ಮನಾಗುತ್ತೇನೆ. ಮೂರನೆಯ ಊರಿನಲ್ಲಿ ಆ ಸುಮ್ಮನಿರುವಿಕೆ ಸ್ವಲ್ಪ ಉದ್ದವಾಯಿತು. ಹಿಂದಿನ ಸಾಲಿನಲ್ಲಿ ಕುಳಿತವರು ಮುಂದಿನ ಸಾಲಿನವರನ್ನು ನೋಡಿದರು.

ಸಿದ್ದಾಪುರ ತಾಲ್ಲೂಕಿನ ಪ್ರದರ್ಶನದಲ್ಲಿ ಪೆಟ್ಟು ಬೇರೆ ಕಡೆಯಿಂದ ಬಂತು. ಅಂಕೋಲಾ, ಸಿದ್ದಾಪುರ 1930ರ ದಶಕದ ಆರಂಭದಲ್ಲಿ ಕರನಿರಾಕರಣೆ ನಡೆದ ನೆಲ. ಎಂಬತ್ತು ದಾಟಿದ ಅಜ್ಜನೊಬ್ಬರು ಕೋಲೂರಿ ಎದ್ದು ನಿಂತರು. "ನಮ್ಮ ಮನೆಯ ತಾಮ್ರದ ಹಂಡೆಯನ್ನು ಜಪ್ತಿ ಮಾಡಿ ಹರಾಜಿಗೆ ಇಟ್ಟಿದ್ದರಂತೆ. ಕೂಗಲು ಊರಿನವರು ಒಬ್ಬರೂ ಹೋಗಲಿಲ್ಲವಂತೆ. ನಮ್ಮವರು ಯಾರ ಜೊತೆಗೂ ಆಟ ಆಡಲಿಲ್ಲ ತಮ್ಮಾ. ಕೊಡುವುದಿಲ್ಲ ಎಂದರು, ಅಷ್ಟೇ." ನನಗೆ ಉತ್ತರ ಹೊಳೆಯಲಿಲ್ಲ. ದೊರೆ ಹಾಕಿದ ಪಂಥವನ್ನು ದೊರೆಯ ಆಟದಲ್ಲಿಯೇ ಗೆಲ್ಲುವ ಕಥೆಗೆ ಇದಕ್ಕಿಂತ ಗಟ್ಟಿಯಾದ ವಿಮರ್ಶೆಯನ್ನು ನಾನು ಓದಿಲ್ಲ. ಈಗ ಮೊದಲ ಸಂಜೆ ಪಂಥದ ದೃಶ್ಯವಾದ ಮೇಲೆ ಅಜ್ಜನ ಹಂಡೆಯ ಕಥೆಯನ್ನೂ ಹೇಳುತ್ತೇನೆ, ಅವರ ಒಪ್ಪಿಗೆ ಪಡೆದೇ.

ಮೋಡದ ಹಾಡಿನ ವಿಷಯ ಬಿಟ್ಟುಹೋಗಬಾರದು. ಊರಿಗೆ ಊರೇ ಕುಣಿದ ಮೇಲೆ ಮೋಡ ಹನಿಯುದುರಿಸದೆ ಹೋಗಿಬಿಡುತ್ತದೆ. ಮಲೆನಾಡಿನಲ್ಲಿ ಅಲ್ಲಿ ನಕ್ಕರು. ಅಡಿಕೆಗೆ ಕೊಳೆ ಬರುವಷ್ಟು ಮಳೆ ಕಂಡ ಜನ. ಚಳ್ಳಕೆರೆ ಕಡೆಯ ಊರಿನಲ್ಲಿ ಅದೇ ಜಾಗದಲ್ಲಿ ಯಾರೂ ನಗಲಿಲ್ಲ. ಹೆಂಗಸೊಬ್ಬರು ಪರದೆ ಬಿಟ್ಟು ಮೇಲಕ್ಕೆ, ನಿಜವಾದ ಆಕಾಶದ ಕಡೆಗೆ ನೋಡಿದ್ದನ್ನು ಪ್ರೊಜೆಕ್ಟರ್ ಪಕ್ಕದಿಂದ ಕಂಡೆ.

ಲೆಕ್ಕ ಹೇಳಿಬಿಡುತ್ತೇನೆ. ಈ ವಿಧಾನ ಕೈಗೆ ಹತ್ತುವ ಮುಂಚೆ ಕಳೆದುಕೊಂಡದ್ದು ಹದಿನಾಲ್ಕು ಸಾವಿರದ ಆಸುಪಾಸು. ಈಗ ಮೂರು ಸಂಜೆಗೆ ಒಂಬತ್ತು ಸಾವಿರ ಖರ್ಚು, ಏಳೂವರೆ ಹುಂಡಿಯಲ್ಲಿ ಬರುತ್ತದೆ. ಉಳಿದದ್ದನ್ನು ಅಕ್ಕಿ, ಕಾಯಿ, ರಾತ್ರಿ ಊಟದ ರೂಪದಲ್ಲಿ ಊರಿನವರು ತೂಗಿಸುತ್ತಾರೆ. ಸ್ಕೋರ್ ಪುಸ್ತಕಗಳಲ್ಲಿ ಹನ್ನೊಂದು ವಾಪಸು ಬಂದವು. ಹನ್ನೆರಡನೆಯದು ನಮ್ಮ ಹಿರಿಯರ ಬಳಿ ಇದೆ; ಕೇಳಿದರೆ ಇನ್ನೂ ಕೂಡುತ್ತಿದ್ದೇನೆ ಎನ್ನುತ್ತಾರೆ.