ಕೊಡಗಿನ ಮಳೆಗೆ ಸಿಗದಂತೆ ಲೋಳೆಸರ ಬೆಳೆಸುವುದು

ಲೋಳೆಸರದ ಮೂಲ ಅರೇಬಿಯಾದ ಒಣನೆಲ. ದಪ್ಪ ಎಲೆಯೊಳಗೆ ನೀರನ್ನು ಕೂಡಿಟ್ಟುಕೊಂಡು, ಎಲೆಯ ಸೂಕ್ಷ್ಮ ರಂಧ್ರಗಳನ್ನು ಹಗಲಲ್ಲಿ ಮುಚ್ಚಿ ರಾತ್ರಿಯ ತಂಪಿನಲ್ಲಿ ತೆರೆಯುವ ಈ ಗಿಡಕ್ಕೆ ತಿಂಗಳುಗಟ್ಟಲೆ ತೊಯ್ದು ನಿಂತು ಅಭ್ಯಾಸವಿಲ್ಲ. ಆದುದರಿಂದ ಕೊಡಗಿನಲ್ಲಿ ಇದರ ಆರೈಕೆಯೆಂದರೆ ನೀರುಣಿಸುವ ಕೆಲಸಕ್ಕಿಂತ ಹೆಚ್ಚಾಗಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ತಾಗದಂತೆ ಕಾಯುವ ಕೆಲಸ. ಮಳೆ ಕಡಿಮೆಯಿರುವ ಕುಶಾಲನಗರದ ಕಡೆಯವರು ಏರುಮಡಿ ಮಾಡಿ ನೆಲದಲ್ಲೇ ನೆಡಬಹುದು. ಮಡಿಕೇರಿ, ನಾಪೋಕ್ಲು, ಭಾಗಮಂಡಲದವರಿಗೆ ಕುಂಡವೇ ಸರಿ. ಮಳೆ ಹಿಡಿದಾಗ ಎತ್ತಿ ಒಳಗಿಡಲು ಬರುತ್ತದೆ.

ಗಿಡ ತರುವಾಗ ಬೇಲಿಯ ಕತ್ತಾಳೆಯನ್ನು ಲೋಳೆಸರವೆಂದು ಭ್ರಮಿಸಬಾರದು. ಕತ್ತಾಳೆಯ ಎಲೆ ನಾರಿನಿಂದ ಬಿಗಿಯಾಗಿದ್ದು ತುದಿಯಲ್ಲಿ ಗಟ್ಟಿ ಮುಳ್ಳಿರುತ್ತದೆ, ಅದರ ರಸ ಚರ್ಮಕ್ಕೆ ತುರಿಕೆ ತರುತ್ತದೆ. ಲೋಳೆಸರದ ಎಲೆಯಾದರೋ ಸುಲಭವಾಗಿ ಮುರಿಯುತ್ತದೆ, ಒಳಗೆ ತಿಳಿಯಾದ ಲೋಳೆ ಕಾಣುತ್ತದೆ. ಎಳೆಯ ಗಿಡದ ಎಲೆಗಳ ಮೇಲೆ ಕಾಣುವ ಬಿಳಿ ಚುಕ್ಕೆಗಳು ರೋಗವಲ್ಲ. ಬಿಡಿ ಎಲೆಯನ್ನು ಮಣ್ಣಿಗೆ ಚುಚ್ಚಿ ಗಿಡ ಮಾಡುವ ಪ್ರಯತ್ನ ವ್ಯರ್ಥ. ಅದು ಬೇರು ಬಿಡುವ ಮೊದಲೇ ಕೊಳೆಯುತ್ತದೆ. ಬುಡದಲ್ಲಿ ಏಳುವ ಮರಿಗಳನ್ನೇ ನೆಡಬೇಕು.

ಮಣ್ಣಿನ ವಿಷಯದಲ್ಲಿ ತೋಟದವರ ಕೈ ರೂಢಿಯ ಕಡೆಗೇ ಹೋಗುತ್ತದೆ. ಕಾಫಿ ಸಸಿಯ ಚೀಲ ತುಂಬಲು ಕಾಡುಮಣ್ಣು 6 ಪಾಲು, ಕಳಿತ ಸಗಣಿ ಗೊಬ್ಬರ 2 ಪಾಲು, ಮರಳು 1 ಪಾಲು ಬೆರೆಸುತ್ತೇವಷ್ಟೆ. ಆ ಮಿಶ್ರಣ ತೇವವನ್ನು ಹಿಡಿದಿಡುವುದಕ್ಕೆಂದೇ ಇರುವುದರಿಂದ ಲೋಳೆಸರಕ್ಕೆ ಹೊಂದುವುದಿಲ್ಲ. ಇಲ್ಲಿ ಅರ್ಧದಷ್ಟು ದಪ್ಪ ಮರಳು ಅಥವಾ ಸಣ್ಣ ಜಲ್ಲಿಚೂರು ಇರಲಿ, ಉಳಿದುದರಲ್ಲಿ ಹೆಚ್ಚಿನ ಪಾಲು ಮಣ್ಣಾಗಿ, ಒಂದು ಹಿಡಿಯಷ್ಟೇ ಪುಡಿಗೊಬ್ಬರ ಸಾಕು. ಕಲ್ಲು ಪುಡಿಮಾಡಿ ತಯಾರಿಸುವ ಎಂ ಸ್ಯಾಂಡ್ ಬಳಸುವುದಾದರೆ ತೊಳೆದು ನುಣ್ಣನೆಯ ಧೂಳನ್ನು ತೆಗೆಯಬೇಕು, ಇಲ್ಲವಾದರೆ ಅದೇ ಕೆಳಗಿಳಿದು ಗಾರೆಯಂತೆ ಕೂರುತ್ತದೆ. ಕಾಫಿ ಸಿಪ್ಪೆಯ ಗೊಬ್ಬರವೂ ತೇವ ಹಿಡಿಯುವುದರಿಂದ ಇದಕ್ಕೆ ಬೇಡ. ಕುಂಡ ಮಣ್ಣಿನದಾಗಿ, ಆಳಕ್ಕಿಂತ ಅಗಲ ಹೆಚ್ಚಿರುವುದಾದರೆ ಒಳ್ಳೆಯದು, ಏಕೆಂದರೆ ಲೋಳೆಸರದ ಬೇರು ಮೇಲ್ಮಟ್ಟದಲ್ಲೇ ಹರಡುತ್ತದೆ. ತಳದ ರಂಧ್ರದ ಮೇಲೆ ಒಂದು ಒಡೆದ ಹೆಂಚಿನ ಚೂರನ್ನು ಕವುಚಿ ಹಾಕಿದರೆ ಮಣ್ಣು ನಿಲ್ಲುತ್ತದೆ, ನೀರು ಇಳಿಯುತ್ತದೆ.

ಮಳೆ ಹಿಡಿಯುವ ಮೊದಲೇ ಕುಂಡಗಳನ್ನು ಜಗಲಿಗೆ ತರಬೇಕು. ಆದರೆ ಸೂರಿನ ಹನಿ ಬೀಳುವ ಸಾಲಿನಲ್ಲಿ ಇಟ್ಟರೆ ಅಂಗಳದಲ್ಲೇ ಬಿಟ್ಟಂತಾಗುತ್ತದೆ, ಎರಚಲು ಬಾರದ ಒಳಗೋಡೆಯ ಕಡೆ, ಬೆಳಕಿರುವಲ್ಲಿ ಇಡಬೇಕು. ಕೆಳಗೆ ತಟ್ಟೆ ಬೇಡ, ಎರಡು ಇಟ್ಟಿಗೆ ಇದ್ದರೆ ಗಾಳಿಯಾಡುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ, ಕೊಡಗಿನ ಜಡಿಮಳೆಯ ಕಕ್ಕಡದ ತಿಂಗಳಲ್ಲಿ ನೀರು ಹಾಕುವ ಪ್ರಶ್ನೆಯೇ ಇಲ್ಲ. ಮಳೆ ನಿಂತ ಮೇಲೆ ಒಮ್ಮೆಲೇ ನಡುಹಗಲ ಬಿಸಿಲಿಗೆ ಇಟ್ಟರೆ ಎಲೆ ಕೆಂಪಗಾಗುತ್ತದೆ. ಮೊದಲು ಬೆಳಗಿನ ಬಿಸಿಲು, ಅನಂತರ ಪೂರ್ಣ ಬಿಸಿಲು. ಬೇಸಿಗೆಯಲ್ಲಿಯೂ ದಿನ ಎಣಿಸಿ ನೀರು ಹಾಕುವುದಕ್ಕಿಂತ, ತೆಂಗಿನ ಗರಿಯ ಕಡ್ಡಿಯೊಂದನ್ನು ಎರಡು ಇಂಚು ಇಳಿಸಿ ತೆಗೆದು, ಮಣ್ಣು ಅಂಟದೆ ಬಂದಾಗ ತುಂಬ ನೀರುಣಿಸಿ, ಮತ್ತೆ ಪೂರಾ ಒಣಗುವವರೆಗೆ ಬಿಡುವುದು ಲೇಸು. ಡಿಸೆಂಬರ್, ಜನವರಿಯ ಚಳಿ ಗಿಡಕ್ಕೆ ಕೇಡಲ್ಲ, ಆಗ ನೀರು ಇನ್ನೂ ಕಡಿಮೆ.

ಕೊಳೆತ ಶುರುವಾದದ್ದು ಕೆಳಗಿನ ಎಲೆಯಲ್ಲಿ ತಿಳಿಯುತ್ತದೆ. ಎಲೆಯ ಬುಡ ಗಾಜಿನಂತೆ ಪಾರದರ್ಶಕವಾಗಿ, ಕಂದು ಬಣ್ಣಕ್ಕೆ ತಿರುಗಿ, ಮೆಲ್ಲನೆ ಎಳೆದರೂ ವಾಸನೆಯೊಡನೆ ಕಿತ್ತು ಕೈಗೆ ಬರುತ್ತದೆ. ಬಾಡಿತೆಂದು ತಿಳಿದು ಅದಕ್ಕೆ ಇನ್ನಷ್ಟು ನೀರೆರೆಯುವವರೇ ಹೆಚ್ಚು. ಗಿಡವನ್ನು ಕಿತ್ತು, ಮಣ್ಣು ಕೊಡವಿ, ಕಪ್ಪಾದ ಬೇರನ್ನೂ ಮೆತ್ತಗಾದ ಕಾಂಡವನ್ನೂ ಗಟ್ಟಿಯಾದ ಭಾಗ ಸಿಗುವವರೆಗೆ ಚೊಕ್ಕ ಚಾಕುವಿನಿಂದ ಕತ್ತರಿಸಬೇಕು. ಜುಲೈಯಲ್ಲಿ ಮನೆಯೊಳಗೆ ಏನೂ ಒಣಗದ ಕಾರಣ, ಸೌದೆ ಒಲೆಯಿದ್ದರೆ ಅದರಿಂದ ಸ್ವಲ್ಪ ದೂರದ ಬೆಚ್ಚನೆಯ ಗೋಡೆಯ ಪಕ್ಕ ನಾಲ್ಕೈದು ದಿನ ಇಟ್ಟು, ಗಾಯ ಒಣಗಿದ ಮೇಲೆ ಹೊಸ ಮಿಶ್ರಣದಲ್ಲಿ ನೆಡಬೇಕು.

ಮರಿ ಬೇರ್ಪಡಿಸಲು ಮಳೆ ಮುಗಿದ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಕಾಲ ಸೂಕ್ತ. ಗೇಣಿನ ಅರ್ಧದಷ್ಟು ಬೆಳೆದು ಸ್ವಂತ ಬೇರು ಬಿಟ್ಟ ಮರಿಯನ್ನು ತೆಗೆದು, ಎರಡು ಮೂರು ದಿನ ನೆರಳಲ್ಲಿ ಒಣಗಿಸಿ ನೆಟ್ಟು, ಒಂದು ವಾರ ನೀರು ಹಾಕದಿರಬೇಕು. ಕಾಫಿ ಬೆಳೆಗಾರರಿಗೆ ಪರಿಚಿತವಾದ ಹಿಟ್ಟು ತಿಗಣೆ, ಅಂದರೆ ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ ರಸ ಹೀರುವ ಸಣ್ಣ ಕೀಟ, ಲೋಳೆಸರದ ಎಲೆಗಳ ಸಂದಿಗೂ ಬರುವುದುಂಟು. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಹೋಗುತ್ತದೆ.

ಕೊಯ್ಲಿಗೆ ಹೊರಸುತ್ತಿನ ಬಲಿತ ಎಲೆಯನ್ನೇ ಬುಡದಿಂದ ಕತ್ತರಿಸಬೇಕು. ಕತ್ತರಿಸಿದೊಡನೆ ಸಿಪ್ಪೆಯ ಅಡಿಯಿಂದ ಒಸರುವ ಕಹಿಯಾದ ಹಳದಿ ರಸದಲ್ಲಿ ಭೇದಿ ಮಾಡಿಸುವ ಅಂಶವಿದೆ. ಎಲೆಯನ್ನು ಲೋಟದಲ್ಲಿ ಕತ್ತರಿಸಿದ ತುದಿ ಕೆಳಗಾಗುವಂತೆ ಕಾಲು ಗಂಟೆ ನಿಲ್ಲಿಸಿ, ರಸ ಇಳಿದ ಮೇಲೆ ತೊಳೆದು, ಸಿಪ್ಪೆ ಹೆರೆದು ತಿಳಿಲೋಳೆಯನ್ನಷ್ಟೇ ತೆಗೆದುಕೊಳ್ಳಬೇಕು. ಮೊದಲ ಬಾರಿ ಮುಖಕ್ಕೆ ಹಚ್ಚುವವರು ಮೊಣಕೈಯ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಲಿ. ಗರ್ಭಿಣಿಯರೂ ಮಕ್ಕಳೂ ಇದನ್ನು ಸೇವಿಸಬಾರದು. ನಾಯಿ, ಬೆಕ್ಕುಗಳಿಗೂ ಇದು ವಿಷವಾದುದರಿಂದ, ತೆಗೆದ ಸಿಪ್ಪೆಯನ್ನು ಅಂಗಳಕ್ಕೆ ಎಸೆಯದೆ ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಬೇಕು.